ಎಲೀಸಾ ಬಾಲ್ಸಾಮೊ ತುಳಿದ ದಾರಿ: ರಸ್ತೆ ಮತ್ತು ಟ್ರ್ಯಾಕ್ ಒಟ್ಟಿಗೆ ಸಾಗುತ್ತವೆಯೇ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ವಿಜಯಪುರದಲ್ಲಿ ರಸ್ತೆ ಸೈಕ್ಲಿಂಗ್ ಅಭ್ಯಾಸ ಮಾಡುತ್ತಿದ್ದಾಳೆ. ಕೊನೆಯ ಓಟದಲ್ಲಿ ಒಳ್ಳೆಯ ವೇಗವಿದೆ. ಟ್ರ್ಯಾಕ್‌ಗೂ ಸೇರಿಸಿ ಎಂದು ಕೋಚ್ ಹೇಳುತ್ತಿದ್ದಾರೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದೇನೋ ಎಂದು ನನಗೆ ಭಯ. ಮಗಳು ಮಾತೆತ್ತಿದರೆ ಇಟಲಿಯ ಎಲೀಸಾ ಬಾಲ್ಸಾಮೊ ಹೆಸರು ಹೇಳುತ್ತಾಳೆ. ಅವರು ಎರಡನ್ನೂ ಹೇಗೆ ನಿಭಾಯಿಸಿದರು? ಒಂದರಿಂದ ಇನ್ನೊಂದಕ್ಕೆ ಏನು ಲಾಭ, ಏನು ನಷ್ಟ?

ಉತ್ತರ: ಮೊದಲು ಕೋಚ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ: ಟ್ರ್ಯಾಕ್‌ನಲ್ಲಿ, ಅಂದರೆ ವೆಲೊಡ್ರೋಮ್ ಎಂಬ ಇಳಿಜಾರು ಅಂಚಿನ ಅಂಡಾಕಾರದ ಅಂಗಳದಲ್ಲಿ, ಯಾವ ಸ್ಪರ್ಧೆ? ಹೆಸರು ಒಂದೇ ಆದರೂ ಅಲ್ಲಿ ಎರಡು ಬೇರೆ ಬೇರೆ ಆಟಗಳಿವೆ. ಮ್ಯಾಚ್ ಸ್ಪ್ರಿಂಟ್, ಕೀರಿನ್, ಟೈಮ್ ಟ್ರಯಲ್ ಇವು ಕೆಲವೇ ಸುತ್ತಿನ ಜೋರು ಓಟಗಳು, ಭಾರ ಎತ್ತುವವರ ಮೈಕಟ್ಟು ಬೇಡುತ್ತವೆ. ಅದರಲ್ಲಿ ಮುಂದೆ ಹೋದವರು ರಸ್ತೆಯ 120 ಕಿ.ಮೀ. ಸ್ಪರ್ಧೆಗೆ ಮರಳುವುದು ಕಷ್ಟ. ಟೀಮ್ ಪರ್ಸೂಟ್, ಮ್ಯಾಡಿಸನ್ (ಈ ಎರಡನ್ನೂ ಮುಂದೆ ವಿವರಿಸುತ್ತೇನೆ), ಹಲವು ಸ್ಪರ್ಧೆ ಸೇರಿದ ಆಮ್ನಿಯಮ್, ಅಂಕ ಕೂಡಿಸುವ ಪಾಯಿಂಟ್ಸ್ ರೇಸ್ ಇವು ದಮ್ಮಿನ ಆಟಗಳು. ಇವು ರಸ್ತೆಯ ಸ್ವಂತ ಅಕ್ಕ-ತಂಗಿಯರಿದ್ದಂತೆ. ಬಾಲ್ಸಾಮೊ ಬೆಳೆದದ್ದು ಈ ಎರಡನೇ ಗುಂಪಿನಲ್ಲಿ. ಮಗಳಿಗೆ ಕೋಚ್ ಹೇಳುತ್ತಿರುವುದೂ ಇದೇ ಆಗಿದ್ದರೆ ನಿಮ್ಮ ಭಯಕ್ಕೆ ಕಾರಣವಿಲ್ಲ. ಇಟಲಿಯವರು ಇದನ್ನು ಒಂದೇ ದೋಣಿ ಎಂದೇ ನೋಡುತ್ತಾರೆ.

ಬಾಲ್ಸಾಮೊ ಹುಟ್ಟಿದ್ದು 1998ರ ಫೆಬ್ರವರಿ 27ರಂದು, ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ಕೂನೆಯೊದಲ್ಲಿ. ಆಲ್ಪ್ಸ್ ಬುಡದ ಊರು ಅದು. ಜಗತ್ತು ಅವರ ಹೆಸರು ಕೇಳಿದ್ದು 2016ರಲ್ಲಿ. ಆ ಅಕ್ಟೋಬರ್‌ನಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 18ರ ಬಾಲ್ಸಾಮೊ ಜೂನಿಯರ್ ಮಹಿಳೆಯರ ರಸ್ತೆ ಸ್ಪರ್ಧೆ ಗೆದ್ದರು. ಚಪ್ಪಟೆ ನೆಲ, ಬಿಸಿಲು, ಕೊನೆಯಲ್ಲಿ ಗುಂಪಿನ ಸ್ಪ್ರಿಂಟ್. ಅದೇ ವರ್ಷ ಇಟಲಿಯ ಜೂನಿಯರ್ ಟೀಮ್ ಪರ್ಸೂಟ್ ತಂಡದಲ್ಲಿದ್ದು ಟ್ರ್ಯಾಕ್‌ನಲ್ಲೂ ವಿಶ್ವ ಚಾಂಪಿಯನ್ ಆಗಿದ್ದರು. ಅಂದರೆ ಟ್ರ್ಯಾಕ್ ಎನ್ನುವುದು ಹೆಸರು ಬಂದ ಮೇಲೆ ಅವರು ಸೇರಿಸಿಕೊಂಡ ಎರಡನೇ ಹವ್ಯಾಸವಲ್ಲ. ಶುರುವಿನಿಂದಲೂ ಎರಡೂ ಜೊತೆಜೊತೆಗೇ ಇದ್ದವು.

ಇದು ಅವರೊಬ್ಬರ ಆಯ್ಕೆ ಎಂದುಕೊಳ್ಳಬೇಡಿ, ಇಟಲಿಯ ಪದ್ಧತಿಯೇ ಹಾಗೆ. ಆಂತೊನೆಲ್ಲಾ ಬೆಲ್ಲುತ್ತಿ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ವೈಯಕ್ತಿಕ ಪರ್ಸೂಟ್, 2000ದ ಸಿಡ್ನಿಯಲ್ಲಿ ಪಾಯಿಂಟ್ಸ್ ರೇಸ್ ಚಿನ್ನ ಗೆದ್ದರು. ಪಿಯಾಚೆಂತ್ಸಾದ ಜೋರ್ಜಾ ಬ್ರೊಂತ್ಸಿನಿ 2009ರಲ್ಲಿ ಪಾಯಿಂಟ್ಸ್ ರೇಸ್‌ನಲ್ಲಿ ವಿಶ್ವ ಚಾಂಪಿಯನ್. ಮರು ವರ್ಷ ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ, 2011ರಲ್ಲಿ ಕೋಪನ್‌ಹೇಗನ್‌ನಲ್ಲಿ ರಸ್ತೆಯ ವಿಶ್ವ ಚಾಂಪಿಯನ್. ಆ ಎರಡೂ ಬಾರಿ ಎರಡನೇ ಸ್ಥಾನಕ್ಕೆ ಇಳಿದವರು ನೆದರ್‌ಲ್ಯಾಂಡ್ಸ್‌ನ ಮರಿಯಾನೆ ವೋಸ್, ಮಹಿಳಾ ಸೈಕ್ಲಿಂಗ್‌ನ ಅತಿ ದೊಡ್ಡ ಹೆಸರು. ವರ್ಷಗಟ್ಟಲೆ ಇಟಲಿಯ ಮಹಿಳಾ ರಸ್ತೆ ತಂಡ ಮತ್ತು ಟ್ರ್ಯಾಕ್ ತಂಡ ಎರಡಕ್ಕೂ ರಾಷ್ಟ್ರೀಯ ಕೋಚ್ ಒಬ್ಬರೇ ಇದ್ದರು, ದೀನೊ ಸಾಲ್ವೊಲ್ದಿ. ಇದರ ಲಾಭ ಸಣ್ಣದಲ್ಲ. ಕೋಚ್‌ಗಳು ಇಬ್ಬರಾದರೆ ಹುಡುಗಿಯ ಒಂದೇ ಮೈಯನ್ನು ಇಬ್ಬರೂ ತಮ್ಮ ಕಡೆಗೆ ಎಳೆಯುತ್ತಾರೆ. ಒಬ್ಬರೇ ಇದ್ದಾಗ ಯಾವ ವಾರ ಬ್ರೆಷಾ ಹತ್ತಿರದ ಮೊಂಟಿಕ್ಯಾರಿಯ 250 ಮೀಟರ್ ಒಳಾಂಗಣ ವೆಲೊಡ್ರೋಮ್, ಯಾವ ವಾರ ರಸ್ತೆ ಎಂಬುದು ಒಂದೇ ತಲೆಯಲ್ಲಿ ತೀರ್ಮಾನವಾಗುತ್ತದೆ. ಮಗಳ ವಿಷಯದಲ್ಲೂ ಇದನ್ನು ಖಾತ್ರಿ ಮಾಡಿಕೊಳ್ಳಿ: ಟ್ರ್ಯಾಕ್‌ಗೆ ಬೇರೆ ಕೋಚ್ ಬರುವುದಾದರೆ, ವಾರದ ಪಟ್ಟಿ ಬರೆಯುವವರು ಒಬ್ಬರೇ ಇರಲಿ.

ಇನ್ನು ಲಾಭದ ಲೆಕ್ಕ. ಇಲ್ಲಿ ಗೇರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಬಾಲ್ಸಾಮೊ ಗೆಲುವುಗಳ ಬೇರು ಅಲ್ಲಿದೆ.

ಅವರು ಜೂನಿಯರ್ ಆಗಿದ್ದಾಗ ರಸ್ತೆಯಲ್ಲಿ ಗೇರ್‌ಗೆ ಮಿತಿ ಇತ್ತು. ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ 7.93 ಮೀಟರ್‌ಗಿಂತ ಹೆಚ್ಚು ಮುಂದೆ ಹೋಗುವಂತಿರಲಿಲ್ಲ. ಹೆಚ್ಚಿನವರು ಮುಂದೆ 52 ಹಲ್ಲು, ಹಿಂದೆ 14 ಹಲ್ಲು ಹಾಕಿಕೊಳ್ಳುತ್ತಿದ್ದರು. ಅದು ಸುಮಾರು 7.8 ಮೀಟರ್. ಈ ಗೇರ್‌ನಲ್ಲಿ ಗಂಟೆಗೆ 60 ಕಿ.ಮೀ. ಬೇಕೆಂದರೆ ನಿಮಿಷಕ್ಕೆ 128 ಸುತ್ತು ತುಳಿಯಬೇಕು. ದೊಡ್ಡವರ 54-11 ಗೇರ್‌ನಲ್ಲಿ ಒಂದು ಸುತ್ತಿಗೆ ಸುಮಾರು 10.3 ಮೀಟರ್ ಸಿಗುತ್ತದೆ, ಅದೇ 60 ಕಿ.ಮೀ. ವೇಗಕ್ಕೆ 97 ಸುತ್ತು ಸಾಕು. ಅಂತರರಾಷ್ಟ್ರೀಯ ಸಂಸ್ಥೆ 2023ರಲ್ಲಿ ಈ ಮಿತಿಯನ್ನು ತೆಗೆದುಹಾಕಿತು. ಆದರೆ ಮಿತಿಯ ಕಾಲದಲ್ಲಿ ಬೆಳೆದವರಿಗೆ ಒಂದು ಆಸ್ತಿ ಉಳಿಯಿತು: ಕಾಲು ಮಿಂಚಿನಂತೆ ತಿರುಗುವ ರೂಢಿ. ಟ್ರ್ಯಾಕ್ ಅದನ್ನೇ ಇನ್ನಷ್ಟು ಹದ ಮಾಡುತ್ತದೆ. ಅಲ್ಲಿ ಗೇರ್ ಒಂದೇ, ಬ್ರೇಕ್ ಇಲ್ಲ, ಫ್ರೀವೀಲ್ ಇಲ್ಲ. ಚಕ್ರ ತಿರುಗುತ್ತಿರುವಷ್ಟು ಹೊತ್ತು ಕಾಲೂ ತಿರುಗಲೇಬೇಕು. ವೇಗ ಏರಿದರೆ ಗೇರ್ ಬದಲಿಸಿ ತಪ್ಪಿಸಿಕೊಳ್ಳುವಂತಿಲ್ಲ.

ರಸ್ತೆಯ ಸ್ಪ್ರಿಂಟ್‌ನಲ್ಲಿ ಇದು ಹೇಗೆ ಕೆಲಸಕ್ಕೆ ಬರುತ್ತದೆ? 200 ಮೀಟರ್ ಉಳಿದಿದೆ, ಎದುರಾಳಿಯ ಚಕ್ರದ ಹಿಂದಿನಿಂದ ಹೊರಗೆ ಬರಬೇಕು. ದೊಡ್ಡ ಗೇರ್‌ನಲ್ಲಿ ನಿಧಾನ ತುಳಿಯುವವರಿಗೆ ವೇಗ ಹಿಡಿಯಲು ನಾಲ್ಕೈದು ತುಳಿತ ಬೇಕು. ಕಾಲು ಬೇಗ ತಿರುಗುವವರು ಒಂದು ಹಲ್ಲು ಹಗುರ ಗೇರ್‌ನಲ್ಲಿದ್ದು ಮೊದಲ ಎರಡು ತುಳಿತದಲ್ಲೇ ಹೊರಗೆ ಚಿಮ್ಮುತ್ತಾರೆ. ಅರ್ಧ ಸೈಕಲ್ ಉದ್ದದ ಅಂತರ ಅಲ್ಲೇ ಆಗಿಹೋಗುತ್ತದೆ.

ಟೀಮ್ ಪರ್ಸೂಟ್ ಕಲಿಸುವುದು ಇನ್ನೊಂದು ವಿದ್ಯೆ. ನಾಲ್ವರು, 4,000 ಮೀಟರ್, 250 ಮೀಟರ್ ಟ್ರ್ಯಾಕ್‌ನಲ್ಲಿ 16 ಸುತ್ತು. ಮೂರನೆಯವರ ಮುಂಚಕ್ರ ಗೆರೆ ದಾಟಿದಾಗ ಗಡಿಯಾರ ನಿಲ್ಲುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿ ಇದನ್ನು 4 ನಿಮಿಷ 4.242 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದಿತು, ಸರಾಸರಿ ಗಂಟೆಗೆ 59 ಕಿ.ಮೀ. ಹತ್ತಿರ, ಅದೂ ನಿಂತಲ್ಲಿಂದ ಹೊರಟು. 58-14 ಗೇರ್ ಎಂದು ಹಿಡಿದರೆ ನಿಮಿಷಕ್ಕೆ ಸುಮಾರು 113 ಸುತ್ತು. ಮೊದಲ ಸುತ್ತಿಗೆ 19-20 ಸೆಕೆಂಡ್, ಆಮೇಲೆ ಪ್ರತಿ ಸುತ್ತೂ 15 ಸೆಕೆಂಡ್ ಆಸುಪಾಸಿನಲ್ಲಿ ಗಡಿಯಾರದ ಮುಳ್ಳಿನಂತೆ ಬರಬೇಕು.

ಹೊರಗಿನಿಂದ ನೋಡುವವರಿಗೆ ನಾಲ್ವರು ಒಂದು ದಾರಕ್ಕೆ ಪೋಣಿಸಿದಂತೆ ಕಾಣುತ್ತಾರೆ. ಮುಂದಿರುವವರು ತಮ್ಮ ಪಾಳಿ ಮುಗಿಸಿ ತಿರುವಿನಲ್ಲಿ ಇಳಿಜಾರಿನ ಮೇಲಕ್ಕೆ ಏರುತ್ತಾರೆ, ಉಳಿದ ಮೂವರು ಕೆಳಗಿನಿಂದ ಸಾಗಿಹೋಗುತ್ತಾರೆ, ಮೇಲಿದ್ದವರು ಜಾರಿ ಬಂದು ಬಾಲಕ್ಕೆ ಅಂಟಿಕೊಳ್ಳುತ್ತಾರೆ. ತಿರುವಿನಲ್ಲೇ ಏಕೆ? ಏರುವಾಗ ಬ್ರೇಕ್ ಇಲ್ಲದೆಯೇ ವೇಗ ತಗ್ಗುತ್ತದೆ, ಇಳಿಯುವಾಗ ಆ ವೇಗ ಪುಕ್ಕಟೆಯಾಗಿ ಮರಳಿ ಸಿಗುತ್ತದೆ. ತಪ್ಪು ಆಗುವುದು ಎರಡು ಕಡೆ. ಒಂದು, ಹೊಸದಾಗಿ ಮುಂದೆ ಬಂದವರು ಉತ್ಸಾಹದಲ್ಲಿ ವೇಗ ಏರಿಸಿಬಿಡುತ್ತಾರೆ. ಸುತ್ತಿಗೆ 0.3 ಸೆಕೆಂಡ್ ಬೇಗ ಹೋದರೂ ಸಾಕು, ಆಗಷ್ಟೇ ಪಾಳಿ ಮುಗಿಸಿ ಉಸಿರು ಕಟ್ಟಿ ಹಿಂದೆ ಸೇರುತ್ತಿರುವವರಿಗೆ ಬಾಲ ಸಿಗುವುದಿಲ್ಲ. ಇನ್ನೊಂದು, ಇಳಿಯುವುದು ತಡವಾದರೆ ಒಂದು ಸೈಕಲ್ ಉದ್ದದ ಸಂದು ಬೀಳುತ್ತದೆ. ಗಾಳಿಯ ಮರೆ ತಪ್ಪಿದ ಮೇಲೆ ಆ ಸಂದು ತುಂಬಲು ತಮ್ಮ ಪಾಳಿಗಿಂತ ಹೆಚ್ಚು ಶಕ್ತಿ ಹೋಗುತ್ತದೆ. ಮೂರನೆಯವರ ಮೇಲೆ ಗಡಿಯಾರ ನಿಲ್ಲುವುದರಿಂದ ನಾಲ್ವರಲ್ಲಿ ಒಬ್ಬರು ಕಳಚಿಕೊಂಡರೆ ನಡೆಯುತ್ತದೆ, ಇಬ್ಬರು ಕಳಚಿಕೊಂಡರೆ ಎಲ್ಲ ಮುಗಿಯಿತು.

ಇದನ್ನು ಸಾವಿರಾರು ಬಾರಿ ಮಾಡಿದ ಹುಡುಗಿಗೆ ಎದುರಿನ ಚಕ್ರದಿಂದ ಒಂದು ಗೇಣು ಹಿಂದೆ, ಬ್ರೇಕ್ ಮೇಲೆ ಬೆರಳಿಲ್ಲದೆ, 58 ಕಿ.ಮೀ. ವೇಗದಲ್ಲಿ ಇರುವುದು ನೀರು ಕುಡಿದಷ್ಟು ಸಹಜವಾಗುತ್ತದೆ. 2021ರ ಸೆಪ್ಟೆಂಬರ್ 25ರಂದು ಬೆಲ್ಜಿಯಂನ ಲ್ಯೂವೆನ್‌ನಲ್ಲಿ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಪೀಠಿಕೆ ಬೇಕಾಯಿತು.

ಆ ದಿನ ವಿಶ್ವ ಚಾಂಪಿಯನ್‌ಷಿಪ್ ರಸ್ತೆ ಸ್ಪರ್ಧೆ ಆಂಟ್‌ವರ್ಪ್‌ನಿಂದ ಲ್ಯೂವೆನ್‌ಗೆ, 157.7 ಕಿ.ಮೀ. ಏಳು ವಾರದ ಹಿಂದೆಯಷ್ಟೇ ಬಾಲ್ಸಾಮೊ ಟೋಕಿಯೊದ ಟ್ರ್ಯಾಕ್‌ನಿಂದ ಪದಕವಿಲ್ಲದೆ ಮರಳಿದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವೃತ್ತಿಪರ ತಂಡಗಳಿಲ್ಲ, ದೇಶದ ತಂಡಗಳೇ. ಕಿವಿಯಲ್ಲಿ ರೇಡಿಯೊ ಕೂಡ ಇಲ್ಲ. ಕೊನೆಯ ಕಿಲೋಮೀಟರ್‌ನಲ್ಲಿ ಯಾರು ಯಾರ ಚಕ್ರ ಹಿಡಿಯಬೇಕು ಎಂಬುದನ್ನು ಕಣ್ಣಿನಿಂದಲೇ ನಿರ್ಧರಿಸಬೇಕು. ಇಟಲಿ ತಂಡದ ಎಲೀಸಾ ಲೊಂಗೊ ಬೊರ್ಗಿನಿ ಮುಂದೆ ನಿಂತು ಗಾಳಿ ಸೀಳುತ್ತ ಎಳೆದರು. ಅವರ ಚಕ್ರಕ್ಕೆ ಅಂಟಿಕೊಂಡು ಬಾಲ್ಸಾಮೊ. ಬಾಲ್ಸಾಮೊ ಚಕ್ರಕ್ಕೆ ಅಂಟಿಕೊಂಡು ವೋಸ್. ಆ ಸ್ಥಾನ ವೋಸ್‌ಗೆ ಅನುಕೂಲದ್ದು, ಹಿಂದಿನಿಂದ ಬರುವವರಿಗೆ ಗಾಳಿಯ ಮರೆ ಇನ್ನೂ ಎರಡು ಸೆಕೆಂಡ್ ಹೆಚ್ಚು ಸಿಗುತ್ತದೆ. ಲೊಂಗೊ ಬೊರ್ಗಿನಿ ಬದಿಗೆ ಸರಿದಾಗ ಬಾಲ್ಸಾಮೊ ಓಟ ತೆಗೆದರು. ವೋಸ್ ಹೊರಗೆ ಬಂದು ಪಕ್ಕದವರೆಗೆ ಏರಿದರು, ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ. ಮೂರನೆಯವರು ಪೋಲೆಂಡಿನ ಕಾಶಾ ನಿಯೆವಿಯಾದೊಮಾ. 23 ವರ್ಷದ ಬಾಲ್ಸಾಮೊ ವಿಶ್ವ ಚಾಂಪಿಯನ್ನರ ಕಾಮನಬಿಲ್ಲಿನ ಪಟ್ಟೆಯ ಅಂಗಿ ತೊಟ್ಟರು.

ಆ ದೃಶ್ಯವನ್ನು ಮಗಳ ಜೊತೆ ಕೂತು ನಿಧಾನಗತಿಯಲ್ಲಿ ನೋಡಿ. ಎಲ್ಲರೂ ಕೊನೆಯ 50 ಮೀಟರ್ ನೋಡುತ್ತಾರೆ. ನೀವು ಅದಕ್ಕೂ ಮುಂಚಿನ ಅರ್ಧ ಕಿಲೋಮೀಟರ್ ನೋಡಿ, ಬಾಲ್ಸಾಮೊ ಎದುರಿನ ಚಕ್ರವನ್ನು ಹೇಗೆ ಕಾಯ್ದುಕೊಳ್ಳುತ್ತಾರೆ ಎಂಬುದನ್ನು. ನನ್ನ ದೃಷ್ಟಿಯಲ್ಲಿ ಪಂದ್ಯ ಗೆದ್ದದ್ದು ಅಲ್ಲಿ. ಓಟ ತೆಗೆಯುವ ಹೊತ್ತಿಗೆ ಕಾಲಿನಲ್ಲಿ ಎಲ್ಲವೂ ಉಳಿದಿರಬೇಕಾದರೆ ಅದಕ್ಕೂ ಮುಂಚೆ ಒಂದು ತುಳಿತವೂ ವ್ಯರ್ಥವಾಗಿರಬಾರದು. ಈ ಜಿಪುಣತನವನ್ನು ಟ್ರ್ಯಾಕ್‌ನಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ಅಲ್ಲಿಂದ ಮುಂದಿನ ವರ್ಷ ಅವರ ಜೀವನದ ಅತ್ಯುತ್ತಮ ವರ್ಷಗಳಲ್ಲಿ ಒಂದು. ಅದುವರೆಗೆ ಐದು ವರ್ಷ ವಾಲ್ಕಾರ್ ಎಂಬ ಇಟಲಿಯ ಚಿಕ್ಕ ತಂಡದಲ್ಲಿದ್ದರು. ಕ್ಯಾರಾ ಕೊನ್ಸೊನ್ನಿ, ವಿತ್ತೊರಿಯಾ ಗುವಾತ್ಸಿನಿಯಂಥ ಟ್ರ್ಯಾಕ್ ಜೊತೆಗಾರರೂ ಅಲ್ಲೇ ಇದ್ದರು. 2022ರಲ್ಲಿ ಟ್ರೆಕ್-ಸೆಗಾಫ್ರೆದೊಗೆ ಹೋದರು (ಈಗಿನ ಹೆಸರು ಲಿಡ್ಲ್-ಟ್ರೆಕ್). ಆ ಮಾರ್ಚ್‌ನಲ್ಲಿ ಎಂಟು ದಿನಗಳ ಒಳಗೆ ಮೂರು ವರ್ಲ್ಡ್‌ಟೂರ್ (ರಸ್ತೆ ಸೈಕ್ಲಿಂಗ್‌ನ ಅತಿ ಮೇಲಿನ ಮಟ್ಟ) ಸ್ಪರ್ಧೆ ಗೆದ್ದರು: 20ರಂದು ಚಿತ್ತಿಲ್ಯೋದ ತ್ರೊಫೇಯೊ ಅಲ್ಫ್ರೇದೊ ಬಿಂದಾ, 24ರಂದು ಬ್ರೂಗೆ-ಡೆ ಪಾನ್ನೆ, 27ರಂದು ಗೆಂಟ್-ವೆವೆಲ್ಗೆಮ್. ಈ ಮೂರೂ ಒಂದೇ ತರಹದ್ದಲ್ಲ. ಬಿಂದಾ ಗುಡ್ಡಗಾಡಿನ ಸುತ್ತು, ಡೆ ಪಾನ್ನೆ ಕಡಲ ಗಾಳಿಯ ಬಯಲು, ಗೆಂಟ್-ವೆವೆಲ್ಗೆಮ್‌ನಲ್ಲಿ ಕಲ್ಲು ಹಾಸಿದ ಕೆಮ್ಮೆಲ್‌ಬರ್ಗ್ ಏರು. ಬಿಂದಾವನ್ನು ಆಮೇಲೆ 2024, 2025ರಲ್ಲೂ ಗೆದ್ದರು. ಹೀಗಾಗಿ ಅವರನ್ನು ಬರೀ ಬಯಲಿನ ಸ್ಪ್ರಿಂಟರ್ ಎಂದು ಕರೆಯುವುದು ತಪ್ಪು. ಏರಿನಲ್ಲಿ ಉಳಿದುಕೊಂಡು, ಅರ್ಧ ಗುಂಪು ಕರಗಿದ ಮೇಲೂ ಓಟ ತೆಗೆಯಬಲ್ಲವರು. 2022ರ ಬೇಸಿಗೆಯಲ್ಲಿ ಇಟಲಿಯ ರಾಷ್ಟ್ರೀಯ ಚಾಂಪಿಯನ್ ಆದರು, ಇಟಲಿಯ ಹಲವು ದಿನಗಳ ಸ್ಪರ್ಧೆ ಜಿರೊದಲ್ಲಿ ಎರಡು ಹಂತ ಗೆದ್ದರು.

ಇಷ್ಟಾದ ಮೇಲೆ ಯಾರಾದರೂ ಟ್ರ್ಯಾಕ್ ಬಿಟ್ಟುಬಿಡುತ್ತಿದ್ದರು. ರಸ್ತೆಯಲ್ಲಿ ಹಣವಿದೆ, ಟಿವಿ ಇದೆ. ಅವರು ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪಕ್ಕದ ಸೇಂಟ್ ಕ್ವೆಂಟಿನ್ ಆನ್ ಈವ್ಲಿನ್‌ನ ಟ್ರ್ಯಾಕ್‌ಗೆ ಇಳಿದು, ಕೊನ್ಸೊನ್ನಿ, ಗುವಾತ್ಸಿನಿ, ಮಾರ್ತಿನಾ ಫಿದಾಂತ್ಸಾ, ಮಾರ್ತಿನಾ ಅಲ್ತ್ಸಿನಿ ಇದ್ದ ತಂಡದೊಡನೆ ಟೀಮ್ ಪರ್ಸೂಟ್ ವಿಶ್ವ ಪ್ರಶಸ್ತಿ ಗೆದ್ದರು. ಫೈನಲ್‌ನಲ್ಲಿ ಸೋತದ್ದು ಬ್ರಿಟನ್.

ಎರಡು ವರ್ಷದ ಬಳಿಕ ಅದೇ ವೆಲೊಡ್ರೋಮ್‌ನಲ್ಲಿ ಒಲಿಂಪಿಕ್ಸ್. ಟೀಮ್ ಪರ್ಸೂಟ್‌ನಲ್ಲಿ ಇಟಲಿ ನಾಲ್ಕನೆಯದಾಯಿತು. ಆದರೆ ಕೊನ್ಸೊನ್ನಿ-ಗುವಾತ್ಸಿನಿ ಜೋಡಿ ಮ್ಯಾಡಿಸನ್‌ನಲ್ಲಿ ಚಿನ್ನ ಗೆದ್ದಿತು. ಮ್ಯಾಡಿಸನ್ ಬಗ್ಗೆ ಎರಡು ಮಾತು: ಇಬ್ಬರ ಜೋಡಿ, ಮಹಿಳೆಯರಿಗೆ 30 ಕಿ.ಮೀ. ಅಂದರೆ 120 ಸುತ್ತು. ಒಬ್ಬರು ಪಂದ್ಯದಲ್ಲಿದ್ದಾಗ ಇನ್ನೊಬ್ಬರು ಮೇಲಿನ ಅಂಚಿನಲ್ಲಿ ನಿಧಾನವಾಗಿ ಸುತ್ತುತ್ತಾರೆ. ಬದಲಿಸುವಾಗ ಕೈ ಕೈ ಹಿಡಿದು, ಒಳಗಿದ್ದವರು ತಮ್ಮ ವೇಗವನ್ನೆಲ್ಲ ಜೊತೆಗಾರ್ತಿಯ ಕೈಗೆ ಸುರಿದು ಮುಂದೆ ಎಸೆಯುತ್ತಾರೆ. ಪ್ರತಿ 10 ಸುತ್ತಿಗೊಮ್ಮೆ ಸ್ಪ್ರಿಂಟ್, ಅಂಕ 5, 3, 2, 1. ಕೊನೆಯದಕ್ಕೆ ದುಪ್ಪಟ್ಟು. ಗುಂಪಿಗಿಂತ ಒಂದು ಸುತ್ತು ಮುಂದೆ ಹೋದರೆ 20 ಅಂಕ. ಕೈ ಬದಲಿಸುವಾಗ ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಬ್ಬರ ವೇಗದಲ್ಲಿ ವ್ಯತ್ಯಾಸ ಬಹಳವಿದ್ದಾಗ, ಅಥವಾ ಮೊಣಕೈ ಮಡಚಿ ಕೈ ಕೊಟ್ಟಾಗ. ಕೈ ನೇರವಾಗಿದ್ದರೆ ಎಳೆತ ಸೊಂಟಕ್ಕೆ ಹೋಗುತ್ತದೆ, ಮಡಚಿದ್ದರೆ ಹ್ಯಾಂಡಲ್‌ಗೆ ಹೋಗಿ ಸೈಕಲ್ ಅಡ್ಡ ತಿರುಗುತ್ತದೆ. ಇದನ್ನು ಮಗಳು ಮೊದಲು ಖಾಲಿ ಟ್ರ್ಯಾಕ್‌ನಲ್ಲಿ, ನಿಧಾನ ವೇಗದಲ್ಲಿ, ಒಬ್ಬಳೇ ಜೊತೆಗಾರ್ತಿಯೊಂದಿಗೆ ಕಲಿಯಬೇಕು. ಗುಂಪಿನಲ್ಲಿ ಕಲಿಯುವ ವಿದ್ಯೆಯಲ್ಲ.

2024ರ ಏಪ್ರಿಲ್ 6ರ ಪ್ಯಾರಿಸ್-ರೂಬೆ ಈ ಎರಡು ಲೋಕಗಳು ಒಂದೇ ಜಾಗದಲ್ಲಿ ಕೂಡುವ ಸ್ಪರ್ಧೆ. 148.5 ಕಿ.ಮೀ. ಧೂಳು, ಒರಟು ಕಲ್ಲಿನ ಹಾದಿ, ಆಮೇಲೆ ರೂಬೆಯ 500 ಮೀಟರ್ ಬಯಲು ವೆಲೊಡ್ರೋಮ್‌ನ ಕಾಂಕ್ರೀಟಿನ ಮೇಲೆ ಒಂದೂವರೆ ಸುತ್ತು. ಆ ದಿನ ಆರು ಜನ ಒಟ್ಟಿಗೆ ಒಳಗೆ ಬಂದರು. ಬಾಲ್ಸಾಮೊ ಜೊತೆ ಅವರದೇ ತಂಡದ ಎಲೆನ್ ವಾನ್ ಡೈಕ್ ಇದ್ದರು, ವೋಸ್ ಇದ್ದರು, ಬೆಲ್ಜಿಯಂನ ಲೊಟ್ಟೆ ಕೊಪೆಕಿ ಇದ್ದರು. ಗೆದ್ದವರು ಕೊಪೆಕಿ, ಬಾಲ್ಸಾಮೊ ಎರಡನೆಯವರು. ಕೊಪೆಕಿ ಯಾರೆಂದು ನೋಡಿ: ಅವರೂ ಟ್ರ್ಯಾಕ್‌ನಲ್ಲಿ ಹಲವು ಬಾರಿ ವಿಶ್ವ ಚಾಂಪಿಯನ್. ಮೊದಲ ಎರಡು ಸ್ಥಾನ ಟ್ರ್ಯಾಕ್ ಬಲ್ಲವರಿಗೇ ಹೋದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಕಲ್ಲಿನ ಹಾದಿಗೆಂದು ಗಾಳಿ ಕಡಿಮೆ ಮಾಡಿದ ಟೈರ್ ಟ್ರ್ಯಾಕ್ ಮೇಲೆ ಮೆತ್ತಗಾಗಿ ಅಲುಗುತ್ತದೆ. ಆಗ ಇಳಿಜಾರಿನಲ್ಲಿ ಎಷ್ಟು ಮೇಲೆ ಇರಬೇಕು, ಯಾವಾಗ ಕೆಳಗೆ ಧುಮುಕಬೇಕು ಎಂದು ಯೋಚಿಸಲು ಸಮಯವಿಲ್ಲ. ಮೈಗೆ ಮೊದಲೇ ಗೊತ್ತಿರಬೇಕು.

ಈಗ ನಷ್ಟದ ಪಟ್ಟಿ. ಮುಚ್ಚಿಡುವುದಿಲ್ಲ.

ಮೊದಲನೆಯದು ಬೀಳುವುದು. ಸ್ಪ್ರಿಂಟ್ ಮಾಡುವವರು ಗುಂಪಿನ ಅತಿ ಅಪಾಯದ ಜಾಗದಲ್ಲಿ, ಅತಿ ವೇಗದಲ್ಲಿ ಇರುತ್ತಾರೆ. 2023ರ ಮೇ ಕೊನೆಯಲ್ಲಿ ಬ್ರಿಟನ್‌ನ ರೈಡ್‌ಲಂಡನ್ ಸ್ಪರ್ಧೆಯ ಮೊದಲ ದಿನ ಬಾಲ್ಸಾಮೊ ಬಿದ್ದು ದವಡೆ ಮುರಿದುಕೊಂಡರು. ದವಡೆ ಮುರಿದರೆ ಕಾಲಿಗೇನು ಎಂದು ಕೇಳಬಹುದು. ಅಗಿಯಲು ಆಗದಿದ್ದರೆ ವಾರಗಟ್ಟಲೆ ದ್ರವ ಆಹಾರವೇ ಗತಿ. ದಿನಕ್ಕೆ 3,000 ಕ್ಯಾಲರಿ ದಾಟುವ ಸೈಕ್ಲಿಸ್ಟ್‌ಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ, ಸ್ನಾಯು ಕರಗುತ್ತದೆ. ಬಾಯಿ ಪೂರ್ತಿ ತೆರೆಯದೆ ಉಸಿರೂ ಸಾಲುವುದಿಲ್ಲ. ಮರು ವರ್ಷ ವಸಂತದಲ್ಲಿ ಬಿಂದಾ ಮತ್ತು ಡೆ ಪಾನ್ನೆ ಮತ್ತೆ ಗೆದ್ದರು. ಆದರೆ 2024ರ ಮೇನಲ್ಲಿ ಸ್ಪೇನಿನ ಬುರ್ಗೊಸ್‌ನಲ್ಲಿ ಇನ್ನೊಮ್ಮೆ ಬಿದ್ದು ಕೈಮೂಳೆ, ಮೂಗು ಮುರಿದುಕೊಂಡರು. ಒಲಿಂಪಿಕ್ಸ್‌ಗೆ ಆಗ ಎರಡೂವರೆ ತಿಂಗಳಿತ್ತು. ಕೈ ಪೆಟ್ಟು ಟ್ರ್ಯಾಕ್‌ನವರಿಗೆ ದುಬಾರಿ. ನಿಂತಲ್ಲಿಂದ ಹೊರಡುವಾಗ ದೊಡ್ಡ ಗೇರ್ ತಿರುಗಿಸಲು ಹ್ಯಾಂಡಲ್ ಎಳೆಯುವುದು ತೋಳಿನ ಪೂರ್ತಿ ಬಲದಿಂದ. ಅಂಥ ಸ್ಥಿತಿಯಿಂದ ಬಂದು ಪ್ಯಾರಿಸ್‌ನಲ್ಲಿ ರಸ್ತೆ, ಟ್ರ್ಯಾಕ್ ಎರಡರಲ್ಲೂ ದೇಶದ ಅಂಗಿ ತೊಟ್ಟರು ಎಂಬುದೇ ನನಗೆ ದೊಡ್ಡ ಮಾತು.

ಎರಡನೆಯದು ಕ್ಯಾಲೆಂಡರ್. ರಸ್ತೆಯ ದೊಡ್ಡ ಸ್ಪರ್ಧೆಗಳು ಮಾರ್ಚ್-ಏಪ್ರಿಲ್‌ನಲ್ಲಿ. ಟ್ರ್ಯಾಕ್‌ನ ಅಂತರರಾಷ್ಟ್ರೀಯ ಸರಣಿ ಕೂಡ ಬಹುತೇಕ ವರ್ಷದ ಮೊದಲ ತಿಂಗಳುಗಳಲ್ಲೇ ಬರುತ್ತದೆ. ರಸ್ತೆ ಋತು ಮುಗಿಯುವ ಅಕ್ಟೋಬರ್‌ಗೆ ಟ್ರ್ಯಾಕ್ ವಿಶ್ವ ಚಾಂಪಿಯನ್‌ಷಿಪ್. ಎರಡೂ ಮಾಡುವವರಿಗೆ ವಿಶ್ರಾಂತಿಯ ತಿಂಗಳೇ ಮಾಯವಾಗುತ್ತದೆ. ಬಾಲ್ಸಾಮೊ ಎಲ್ಲ ವರ್ಷ ಎಲ್ಲ ಕಡೆ ಓಡಿಲ್ಲ. ಯಾವ ವರ್ಷ ಯಾವುದು ಮುಖ್ಯ ಎಂದು ಆರಿಸಿಕೊಂಡರು. ಎರಡನ್ನೂ ಮಾಡಬಹುದು, ಎರಡರ ತುದಿಯನ್ನೂ ಒಂದೇ ತಿಂಗಳಲ್ಲಿ ಮುಟ್ಟಲಾಗದು.

ಮೂರನೆಯದು ಹಣ. ಟ್ರ್ಯಾಕ್‌ನಿಂದ ಹೊಟ್ಟೆ ತುಂಬುವುದಿಲ್ಲ. ಮಹಿಳಾ ವರ್ಲ್ಡ್‌ಟೂರ್ ತಂಡಗಳಿಗೆ ಕನಿಷ್ಠ ಸಂಬಳ ಬಂದದ್ದೇ 2020ರಲ್ಲಿ, ವರ್ಷಕ್ಕೆ 15,000 ಯೂರೊ. 2022ಕ್ಕೆ 27,500, 2023ಕ್ಕೆ 32,102. ಇಟಲಿ ಇದಕ್ಕೆ ಹಿಂದಿನಿಂದಲೂ ಬೇರೆ ದಾರಿ ಮಾಡಿಕೊಂಡಿದೆ. ಬಾಲ್ಸಾಮೊ ಫಿಯಾಮ್ಮೆ ಓರೊ ಎಂಬ ಪೊಲೀಸ್ ಇಲಾಖೆಯ ಕ್ರೀಡಾ ದಳಕ್ಕೆ ಸೇರಿದವರು. ಸಂಬಳ ಸರ್ಕಾರದ್ದು, ಅಭ್ಯಾಸವೇ ಕರ್ತವ್ಯ, ಆಟ ಮುಗಿದ ಮೇಲೂ ಕೆಲಸ ಉಳಿಯುತ್ತದೆ. ನಮ್ಮಲ್ಲಿ ರೈಲ್ವೆಯ ಕ್ರೀಡಾ ಕೋಟಾ ಇದ್ದ ಹಾಗೆ. ಹಣ ತಾರದ ಟ್ರ್ಯಾಕ್ ಅಭ್ಯಾಸಕ್ಕೆ ತಿಂಗಳುಗಟ್ಟಲೆ ಕೊಡುವ ಧೈರ್ಯ ಆ ಭದ್ರತೆಯಿಂದ ಬರುತ್ತದೆ. ಬಾಲ್ಸಾಮೊ ಓದನ್ನೂ ಬಿಡಲಿಲ್ಲ, ತುರಿನ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿದರು. ನೀವು ಮಗಳ ಪಿಯುಸಿ ಬಗ್ಗೆ ಯೋಚಿಸುತ್ತಿದ್ದರೆ ಇದನ್ನು ಅವಳಿಗೂ ಹೇಳಿ.

ಇನ್ನು ಈಗ ಏನು ಮಾಡಬೇಕು. ಒಳಾಂಗಣದ 250 ಮೀಟರ್ ಮರದ ಟ್ರ್ಯಾಕ್ ಬೇಕೆಂದರೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣಕ್ಕೇ ಹೋಗಬೇಕು. ಅಲ್ಲಿಗೆ ಶಿಬಿರಕ್ಕೆ ಕಳಿಸುವ ಮೊದಲು ಮನೆಯಲ್ಲೇ ಮುಕ್ಕಾಲು ಕೆಲಸ ಆಗುತ್ತದೆ.

ವಾರಕ್ಕೆ ಎರಡು ಸಲ ರೋಲರ್ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಉರುಳೆಗಳ ಸಾಧನ) ಮೇಲೆ 40 ನಿಮಿಷ ಕೂರಲಿ. 10 ನಿಮಿಷ ನಿಮಿಷಕ್ಕೆ 90 ಸುತ್ತಿನಲ್ಲಿ ಮೈ ಬಿಸಿಮಾಡಿಕೊಂಡು, ಹಗುರ ಗೇರ್‌ನಲ್ಲಿ ಒಂದು ನಿಮಿಷ 120 ಸುತ್ತು, ಎರಡು ನಿಮಿಷ ಆರಾಮ, ಹೀಗೆ ಆರು ಬಾರಿ. ಕೊನೆಗೆ 15 ಸೆಕೆಂಡಿನ ನಾಲ್ಕು ಓಟ, 140 ಸುತ್ತು ದಾಟಿ. ಸೊಂಟ ಸೀಟಿನ ಮೇಲೆ ಕುಪ್ಪಳಿಸತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಪಾದವನ್ನು ಕೆಳತುದಿಯಲ್ಲೂ ಒತ್ತುತ್ತಿದ್ದರೆ ಹಾಗಾಗುತ್ತದೆ. ಸೀಟು ಎತ್ತರ ಹೆಚ್ಚಾಗಿದ್ದರೂ ಸೊಂಟ ಎಡಬಲ ತೂಗುತ್ತದೆ, 3 ಮಿ.ಮೀ. ಇಳಿಸಿ ನೋಡಿ.

ವಾರಕ್ಕೊಮ್ಮೆ ಖಾಲಿ, ನೇರ ರಸ್ತೆಯಲ್ಲಿ ಚಕ್ರದ ಹಿಂದಿನಿಂದ ಓಟ ತೆಗೆಯುವ ಅಭ್ಯಾಸ. ಗೆರೆ ಎಳೆದು 200 ಮೀಟರ್ ಅಳೆದುಕೊಳ್ಳಿ. ಜೊತೆಗಾರ್ತಿ ಎಳೆಯಲಿ, ಮಗಳು ಅರ್ಧ ಮೀಟರ್ ಹಿಂದಿರಲಿ. ಗೆರೆ ಬಂದಾಗ ಹೊರಗೆ ಬರಲಿ. ಆರು ಓಟ, ನಡುವೆ ಐದಾರು ನಿಮಿಷ ಪೂರ್ತಿ ವಿಶ್ರಾಂತಿ. ವಿಶ್ರಾಂತಿ ಕಡಿಮೆ ಮಾಡಿದರೆ ಅದು ದಮ್ಮಿನ ಅಭ್ಯಾಸವಾಗಿಬಿಡುತ್ತದೆ, ವೇಗ ಬೆಳೆಯುವುದಿಲ್ಲ. ಈ ವಯಸ್ಸಿಗೆ ವಾರದಲ್ಲಿ ಎರಡು ಕಠಿಣ ದಿನ ಸಾಕು, ಮೂರನೆಯದು ಮೊಣಕಾಲಿಗೆ ಬಾಕಿ ಬೀಳುತ್ತದೆ.

ಟ್ರ್ಯಾಕ್ ಸೈಕಲ್ ಕೊಂಡರೆ ಅದನ್ನು ದಯವಿಟ್ಟು ಊರ ರಸ್ತೆಗೆ ಇಳಿಸಬೇಡಿ. ಬ್ರೇಕ್ ಇಲ್ಲದ ಸೈಕಲ್‌ಗೆ ಅಡ್ಡ ಬಂದ ನಾಯಿಯೂ ಸಾಕು. ಟ್ರ್ಯಾಕ್ ಮೇಲೆ ಮೊದಲ ದಿನ ಅವಳು ಕಲಿಯಬೇಕಾದದ್ದು ಎರಡೇ: ಗೆರೆ ದಾಟಿದ ಮೇಲೂ ಕಾಲು ನಿಲ್ಲಿಸಬಾರದು, ನಿಲ್ಲಿಸಿದರೆ ಪೆಡಲ್ ಆಳನ್ನೇ ಎತ್ತಿ ಒಗೆಯುತ್ತದೆ, ಕಡಿದಾದ ತಿರುವಿನಲ್ಲಿ ವೇಗ ಗಂಟೆಗೆ 30 ಕಿ.ಮೀ. ಹತ್ತಿರ ಇರಲೇಬೇಕು, ಇಳಿದರೆ ಟೈರ್ ಜಾರುತ್ತದೆ. ಹೆದರಿ ನಿಧಾನ ಮಾಡಿದವರೇ ಬೀಳುವುದು. ಪ್ರತಿ ಸಲ ಹತ್ತುವ ಮುಂಚೆ ಹಿಂಚಕ್ರದ ಎರಡೂ ನಟ್‌ಗಳನ್ನು 15ರ ಸ್ಪ್ಯಾನರ್‌ನಿಂದ ಬಿಗಿ ನೋಡಿ. ಚೈನ್‌ನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿ ನೋಡಿ, ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಆಡಿದರೆ ಚಕ್ರ ಹಿಂದಕ್ಕೆ ಎಳೆದು ಮತ್ತೆ ಬಿಗಿಮಾಡಿ. ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಚೈನ್ ಎಲ್ಲ ಜಾಗದಲ್ಲೂ ಒಂದೇ ಬಿಗಿ ಇರುವುದಿಲ್ಲ. ಅತಿ ಬಿಗಿ ಇರುವ ಜಾಗದಲ್ಲಿ ಅಳತೆ ಹಿಡಿಯಿರಿ. ಸಡಿಲ ಚೈನ್ 50 ಕಿ.ಮೀ. ವೇಗದಲ್ಲಿ ಕಳಚಿ ಸಿಕ್ಕಿಕೊಂಡರೆ ಹಿಂಚಕ್ರ ಅಲ್ಲಿಗೇ ಕಚ್ಚಿ ನಿಲ್ಲುತ್ತದೆ. ಆ ಸ್ಪ್ಯಾನರ್ ಅವಳ ಚೀಲದಲ್ಲೇ ಇರಲಿ, ಈ ಕೆಲಸ ಅವಳ ಕೈಯಿಂದಲೇ ಆಗಲಿ.